ಗೋಲ್ಡ್‌ಫಿಶ್ ತಳದಲ್ಲೇ ಮಲಗಿದೆ, ಎಂತ ಮಾಡುವುದು?

ಪೆರ್ಲ_ಗುಡ್ಡೆಮನೆ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಇದೇ ಮೊದಲು. ಮಗಳ ಗೋಲ್ಡ್‌ಫಿಶ್‌ಗೆ ಹುಷಾರಿಲ್ಲ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಗಾಜಿನ ತೊಟ್ಟಿ. ಮೂರು ಮೀನಿತ್ತು. ಚಿಕ್ಕದು ನಿನ್ನೆ ರಾತ್ರಿ ಸತ್ತುಹೋಯಿತು. ಉಳಿದದ್ದು ಎರಡು. ತಲೆ ಮೇಲೆ ಟೊಪ್ಪಿ ಇಟ್ಟ ಹಾಗೆ ಇರುವ ಒರಾಂಡಾಕ್ಕೆ ಲಾಡು ಅಂತ ಹೆಸರು, ಉದ್ದ ಬಾಲದ್ದು ಜಿಲೇಬಿ.

ಜಿಲೇಬಿ ಹೇಗೋ ಓಡಾಡುತ್ತಿದೆ. ಲಾಡು ಮಾತ್ರ ಮೂಲೆಯಲ್ಲಿ ತಳಕ್ಕೆ ಕೂತು ಬಿಟ್ಟಿದೆ. ರೆಕ್ಕೆ ಎಲ್ಲ ಮೈಗೆ ಅಂಟಿಸಿಕೊಂಡಿದೆ. ಬಾಲದಲ್ಲಿ ಕೆಂಪು ನೂಲಿನಂಥ ಗೆರೆ ಕಾಣುತ್ತದೆ. ಆಗಾಗ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ, ಮತ್ತೆ ಕಲ್ಲು ಬಿದ್ದ ಹಾಗೆ ಕೆಳಗೆ ಹೋಗುತ್ತದೆ.

ನೀರು ಕೊಳೆಯಾಗಿದೆ ಅಂತ ನಿನ್ನೆ ಭಾನುವಾರ ಬೆಳಿಗ್ಗೆಯೇ ತೊಟ್ಟಿ ಪೂರ್ತಿ ಖಾಲಿ ಮಾಡಿದ್ದೆ. ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲ ಪೈಪಿನ ಕೆಳಗೆ ಹಿಡಿದು ತಿಕ್ಕಿ ತೊಳೆದು ಹೊಸ ನೀರು ತುಂಬಿಸಿದೆ. ನೀರು ಈಗ ಕನ್ನಡಿ ಹಾಗೆ ಉಂಟು. ಆದರೂ ಹೀಗೆ. ತೆಗೆದುಕೊಂಡ ಅಂಗಡಿಗೆ ಫೋನ್ ಮಾಡಿದರೆ "ಒಂದು ಬಾಟ್ಲಿ ಮದ್ದು ಉಂಟು, ಬಂದು ತೆಗೊಂಡು ಹೋಗಿ" ಅಂದರು. ಎಂತಕ್ಕೆ ಮದ್ದು ಅಂತ ಕೇಳಿದರೆ "ಎಲ್ಲದಕ್ಕೂ ಆಗ್ತದೆ" ಅಂತೆ. ಈ ಮಳೆಯಲ್ಲಿ ಕಾಸರಗೋಡಿಗೆ ಹೋಗಿ ಬರುವುದು ಅಂದರೆ ಅರ್ಧ ದಿನ. ಮಗಳು ರಾತ್ರಿ ಊಟ ಮಾಡದೆ ತೊಟ್ಟಿಯ ಎದುರೇ ಕೂತಿದ್ದಾಳೆ.

ಉಪ್ಪಳ_ಹುಡುಗ | ರಾತ್ರಿ 9.52

ಫಂಗಸ್ ಅದು. ಮನೆಯಲ್ಲಿ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಇದ್ದರೆ ಅರ್ಧ ಬಿಚ್ಚಿ ಹಾಕಿ. ಒಂದು ಚಿಟಿಕೆ ಅರಸಿನ, ಎರಡು ಒಣಗಿದ ಕಾಡುಬಾದಾಮಿ ಎಲೆ. ನನ್ನ ಫೈಟರ್ ಮೀನಿಗೆ ನಾನು ಅದನ್ನೇ ಮಾಡುವುದು.

ಚಂದ್ರಗಿರಿ_ತೀರ | ರಾತ್ರಿ 10.05

ಅಕ್ಕಾ, ಸದ್ಯ ಎಂತದೂ ಹಾಕಬೇಡಿ. ಹಾಕುವ ಮೊದಲು ಎರಡು ಮೂರು ವಿಷಯ ಹೇಳಿ. ಟಾರ್ಚ್ ಹಾಕಿ ಲಾಡುವನ್ನು ಮೇಲಿನಿಂದ ನೋಡಿ. ಮೈಯ ಪೊರೆ ಹಲಸಿನಕಾಯಿ ಮುಳ್ಳಿನ ಹಾಗೆ ಎದ್ದು ನಿಂತಿದೆಯಾ? ಹತ್ತಿಯಂಥ ಬಿಳಿ ಏನಾದರೂ ಅಂಟಿಕೊಂಡಿದೆಯಾ? ಕಿವಿರು ಬಡಿದುಕೊಳ್ಳುವುದು ಜೋರಾಗಿದೆಯಾ?

ಮತ್ತೆ ಮುಖ್ಯ ಪ್ರಶ್ನೆ. ನೀರು ಬಾವಿಯದ್ದಾ? ಈ ವಾರ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು ಉಂಟಾ? ಮಳೆ ಹಿಡಿದ ಮೇಲೆ ಮನೆಮನೆಗೆ ಬಂದು ಹಾಕುವ ಸಮಯ ಇದು, ಅದಕ್ಕೆ ಕೇಳಿದೆ.

ಪೆರ್ಲ_ಗುಡ್ಡೆಮನೆ | ರಾತ್ರಿ 10.14

ಅಯ್ಯೋ ದೇವರೇ. ಶನಿವಾರ ಸಂಜೆ ಬಂದು ಹಾಕಿ ಹೋಗಿದ್ದಾರೆ! ಭಾನುವಾರ ಚಹಾಕ್ಕೂ ಅದರ ವಾಸನೆ ಇತ್ತು, ಮಾವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಿದ್ದರು. ನನಗೆ ಮೀನಿನ ನೆನಪೇ ಆಗಲಿಲ್ಲ. ಅದೇ ನೀರು ಪಂಪಿನಲ್ಲಿ ಮೇಲಿನ ಟ್ಯಾಂಕಿಗೆ, ಅಲ್ಲಿಂದ ತೊಟ್ಟಿಗೆ.

ಪೊರೆ ಎದ್ದಿಲ್ಲ. ಬಿಳಿ ಎಂತದೂ ಇಲ್ಲ. ಕಿವಿರು ಮಾತ್ರ ತುಂಬಾ ಜೋರಾಗಿ ಬಡಿದುಕೊಳ್ಳುತ್ತಿದೆ.

ಚಂದ್ರಗಿರಿ_ತೀರ | ರಾತ್ರಿ 10.24

ಹಾಗಾದರೆ ಇದು ರೋಗ ಅಲ್ಲ ಅಕ್ಕಾ, ನೀರು. ಬೇಸರ ಮಾಡಬೇಡಿ, ಎಲ್ಲರಿಗೂ ಒಂದು ಸಲ ಆಗುತ್ತದೆ. ನಾನು 12 ವರ್ಷದಿಂದ ಗೋಲ್ಡ್‌ಫಿಶ್ ಸಾಕುತ್ತಿದ್ದೇನೆ. ಮೊದಲ ವರ್ಷ ಐದು ಮೀನನ್ನು ಹೀಗೆಯೇ "ಚೊಕ್ಕ ಮಾಡಿ" ಕೊಂದವನು.

ಆದದ್ದು ಎರಡು. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕಿವಿರನ್ನು ಸುಟ್ಟಿದೆ, ಅದಕ್ಕೇ ಬಾಯಿ ಬಿಡುವುದು. ಇನ್ನೊಂದು ಕಣ್ಣಿಗೆ ಕಾಣದ್ದು. ಮೀನು ಕಿವಿರಿನಿಂದಲೇ ಅಮೋನಿಯಾ ಹೊರಗೆ ಬಿಡುತ್ತದೆ, ಅದರ ಹಿಕ್ಕೆಯಿಂದಲೂ, ಉಳಿದ ಆಹಾರದಿಂದಲೂ ಅಮೋನಿಯಾ ಆಗುತ್ತದೆ. ಅದು ವಿಷ. ಸ್ಪಂಜು, ಕಲ್ಲಿನ ಮೇಲೆ ಬೆಳೆದ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷ. ಬೇರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಸ್ವಲ್ಪ ಇದ್ದರೆ ತೊಂದರೆ ಇಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೋಗುತ್ತದೆ. ನೀವು ಸ್ಪಂಜು, ಕಲ್ಲು ಎಲ್ಲ ಕ್ಲೋರಿನ್ ನೀರಿನಲ್ಲಿ ತೊಳೆದಾಗ ಆ ಬ್ಯಾಕ್ಟೀರಿಯಾ ಹೆಚ್ಚಿನವು ಹೋದವು. ಸ್ಪಂಜಿನಲ್ಲಿದ್ದ ಆ ಕಂದು ಲೋಳೆಯನ್ನು ನಾವು ಕೊಳೆ ಅಂದುಕೊಳ್ಳುತ್ತೇವೆ. ತೊಟ್ಟಿ ನಡೆಯುವುದೇ ಅದರಿಂದ.

ನಿನ್ನೆಯ ಕ್ಲೋರಿನ್ ಇಷ್ಟು ಹೊತ್ತಿಗೆ ಗಾಳಿಗೆ ಹಾರಿ ಹೋಗಿರುತ್ತದೆ. ಈಗ ಏರುತ್ತಿರುವುದು ಅಮೋನಿಯಾ. ಅದಕ್ಕೆ ಬೇಕಾದದ್ದು ಕ್ಲೋರಿನ್ ಇಲ್ಲದ ಹೊಸ ನೀರು. ಶನಿವಾರಕ್ಕೆ ಮೊದಲು ಹಿಡಿದಿಟ್ಟ ನೀರು ಮನೆಯಲ್ಲಿ ಎಲ್ಲಾದರೂ ಉಂಟಾ?

ಪೆರ್ಲ_ಗುಡ್ಡೆಮನೆ | ರಾತ್ರಿ 10.31

ಬಚ್ಚಲಿನ ತಾಮ್ರದ ಹಂಡೆಯಲ್ಲಿ ಶುಕ್ರವಾರದ ನೀರು ಅರ್ಧ ಉಂಟು. ಅದಾಗುತ್ತದಾ? ತೋಟದ ನೀಲಿ ಬಾಲ್ದಿಯಲ್ಲಿ ತುಂಬಿಸಿ ತರಬಹುದು.

ಮುಳ್ಳೇರಿಯ_ತೋಟ | ರಾತ್ರಿ 10.33

ಬೇಡ ಬೇಡ ಬೇಡ. ತಾಮ್ರ ಮೀನಿಗೆ ಆಗುವುದೇ ಇಲ್ಲ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದ ನೀರು ಹುಳಿ, ಅಂದರೆ ಆಮ್ಲೀಯ, ಎರಡು ದಿನ ಹಂಡೆಯಲ್ಲಿ ಕೂತರೆ ತಾಮ್ರ ಸ್ವಲ್ಪ ಸ್ವಲ್ಪ ಕರಗುತ್ತದೆ. ಮತ್ತೆ ಆ ನೀಲಿ ಬಾಲ್ದಿ ಯಾವುದು? ಅಡಿಕೆಗೆ ಮದ್ದು ಬಿಡುವಾಗ ಮೈಲುತುತ್ತು ಕಲಸಿದ್ದಾ? ಅದೂ ತಾಮ್ರದ್ದೇ. ಆ ಮದ್ದು, ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬಾಲ್ದಿಯ ಅಂಚಿನಲ್ಲಿ ಹಿಡಿದ ನೀಲಿ ಹುಡಿಯೇ ಸಾಕು ಇಡೀ ತೊಟ್ಟಿಗೆ. ನಮ್ಮ ತೋಟದ ಕೆರೆಯಲ್ಲಿ ಮದ್ದಿನ ಡ್ರಮ್ ತೊಳೆದು ಮರುದಿನ ಮೀನು ಮಗುಚಿ ತೇಲಿದ್ದನ್ನು ನಾನೇ ನೋಡಿದ್ದೇನೆ. ತೊಳೆದದ್ದೂ ನಾನೇ.

ಪೆರ್ಲ_ಗುಡ್ಡೆಮನೆ | ರಾತ್ರಿ 10.36

ಅದೇ ಬಾಲ್ದಿ. ಭಾನುವಾರ ತೊಟ್ಟಿಗೆ ನೀರು ಹೊತ್ತದ್ದು ಅದರಲ್ಲಿ ಅಲ್ಲ, ಪುಣ್ಯ. ಅಡುಗೆಮನೆಯ ಬಿಳಿ ಬಾಲ್ದಿಯಲ್ಲಿ.

ನಿವೃತ್ತ_ಮೇಷ್ಟ್ರು | ರಾತ್ರಿ 10.38

ತಂಗೀ, ನಿಮ್ಮ ಕಡೆ ಗುಡ್ಡಕ್ಕೊಂದು ಸುರಂಗ ಉಂಟಲ್ಲ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು. ನಿಮ್ಮ ಮನೆಗೆ ಇಲ್ಲವೇ? ಸುರಂಗದ ನೀರಿಗೆ ಯಾರೂ ಬ್ಲೀಚಿಂಗ್ ಹಾಕಿರುವುದಿಲ್ಲ.

ಪೆರ್ಲ_ಗುಡ್ಡೆಮನೆ | ರಾತ್ರಿ 10.41

ಉಂಟು ಉಂಟು! ಮನೆಯ ಹಿಂದಿನ ಗುಡ್ಡದಲ್ಲಿ. ಮಾವನ ಅಪ್ಪನ ಕಾಲದ್ದು. ಈಗ ತೋಟಕ್ಕೆ ಮಾತ್ರ ಬಿಡುತ್ತೇವೆ. ಇವರು ಟಾರ್ಚ್ ಹುಡುಕುತ್ತಿದ್ದಾರೆ.

ಚಂದ್ರಗಿರಿ_ತೀರ | ರಾತ್ರಿ 10.52

ಮೇಷ್ಟ್ರು ಬಂಗಾರದಂಥ ಮಾತು ಹೇಳಿದರು. ಆದರೆ ನೇರ ಸುರಿಯಬೇಡಿ. ಸುರಂಗದ ಒಳಗಿಂದ ಆಗಷ್ಟೇ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಮ್ಮಿ. ಮೊದಲೇ ಉಸಿರಿಗೆ ಒದ್ದಾಡುವ ಮೀನು ಅದು. ಎರಡು ಬಾಲ್ದಿ ಇಟ್ಟುಕೊಂಡು, ಚಹಾ ಆರಿಸುವ ಹಾಗೆ ಎತ್ತರದಿಂದ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಮೂವತ್ತು ಸಲ ಸುರಿಯಿರಿ. ಆಮೇಲೆ ಅರ್ಧ ಗಂಟೆ ಒಳಗೆ ಇಡಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗಾಗಲಿ. ಕೈ ಹಾಕಿ ನೋಡಿದರೆ ವ್ಯತ್ಯಾಸ ಗೊತ್ತಾಗಬಾರದು.

ನಿಮ್ಮ ತೊಟ್ಟಿ 60 × 30 × 30 ಸೆಂಟಿಮೀಟರ್. ಪೂರ್ತಿ ತುಂಬಿದರೆ 54 ಲೀಟರ್. ಮೇಲಿನ ಜಾಗ, ಕಲ್ಲು ಬಿಟ್ಟರೆ 45 ಅಂತ ಇಟ್ಟುಕೊಳ್ಳಿ. ಈಗ 15 ಲೀಟರ್ ತೆಗೆದು 15 ಹಾಕಿ. ನಾಳೆ ಬೆಳಿಗ್ಗೆ ಇನ್ನು 15. ಅಡುಗೆಯ ಕಲ್ಲುಪ್ಪು 45 ಗ್ರಾಂ ತೂಗಿ, ಒಂದು ಚೊಂಬು ನೀರಿನಲ್ಲಿ ಕರಗಿಸಿ, ಅರ್ಧ ಗಂಟೆಗೆ ಸ್ವಲ್ಪದಂತೆ ಮೂರು ನಾಲ್ಕು ಸಲ ಹಾಕಿ. ಲೀಟರಿಗೆ 1 ಗ್ರಾಂ ಲೆಕ್ಕ. ನಾಳೆ ಬದಲಿಸುವ 15 ಲೀಟರಿಗೆ 15 ಗ್ರಾಂ ಮಾತ್ರ ಸೇರಿಸಿ. ನೀರು ಆರಿದರೂ ಉಪ್ಪು ಆರುವುದಿಲ್ಲ, ಹಾಗಾಗಿ ಲೆಕ್ಕ ತಪ್ಪಬಾರದು.

ಗಾಳಿಯ ಪಂಪು ಇದ್ದರೆ ಪೂರ್ತಿ ಬಿಡಿ. ಲೈಟ್ ಆಫ್, ತೊಟ್ಟಿಗೆ ಒಂದು ಬಟ್ಟೆ. ಮೂರು ದಿನ ಆಹಾರ ಬೇಡ. ಗೋಲ್ಡ್‌ಫಿಶ್ ಒಂದು ವಾರ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಹಾಕಿದ್ದೆಲ್ಲ ಅಮೋನಿಯಾ ಆಗುತ್ತದೆ, ಅಷ್ಟೇ. ಮಗಳಿಗೆ ಊಟ ಹಾಕಿ, ಮೀನಿಗೆ ಬೇಡ.

ಪೆರ್ಲ_ಗುಡ್ಡೆಮನೆ | ಮಂಗಳವಾರ, ಬೆಳಿಗ್ಗೆ 6.20

ಬದುಕಿದೆ. ರಾತ್ರಿ ಹನ್ನೆರಡೂವರೆ ತನಕ ನೀರು ಹೊತ್ತದ್ದು. ಕರೆಂಟು ಎರಡು ಸಲ ಹೋಯಿತು, ಆಗೆಲ್ಲ ಲೋಟದಲ್ಲಿ ನೀರು ತೆಗೆದು ಮೇಲಿನಿಂದ ಸುರಿಯುತ್ತಾ ಕೂತೆ. ಇವರು ಛತ್ರಿ ಹಿಡಿದು ಸುರಂಗದ ಬಾಯಿಗೆ ಮೂರು ಸಲ ಹೋಗಿ ಬಂದರು. ಮಾವ ಚಾವಡಿಯಲ್ಲಿ ಕೂತು "ನಮಗೆ ಬ್ಲೀಚಿಂಗ್ ನೀರು, ಮೀನಿಗೆ ಸುರಂಗದ ನೀರು" ಅಂದರು. ಆದರೆ ಬಾಲ್ದಿಯಿಂದ ಬಾಲ್ದಿಗೆ ಸುರಿದದ್ದು ಅವರೇ.

ಲಾಡು ಇನ್ನೂ ತಳದಲ್ಲೇ. ಆದರೆ ಬಾಯಿ ಬಿಡುವುದು ನಿಂತಿದೆ. ಕಿವಿರು ಸ್ವಲ್ಪ ನಿಧಾನ ಆಗಿದೆ.

ನಿವೃತ್ತ_ಮೇಷ್ಟ್ರು | ಬೆಳಿಗ್ಗೆ 8.30

ಸಂತೋಷ. ಬ್ಲೀಚಿಂಗ್ ಹಾಕಿದವರ ಮೇಲೆ ಯಾರೂ ಸಿಟ್ಟು ಮಾಡುವುದು ಬೇಡ. ಮಳೆಗಾಲದಲ್ಲಿ ಕಾಮಾಲೆ, ವಾಂತಿಭೇದಿ ತಡೆಯುವುದು ಅದೇ. ಲೆಕ್ಕ ಗೊತ್ತಿದ್ದರೆ ಒಳ್ಳೆಯದು ಅಂತ ಬರೆಯುತ್ತೇನೆ, ಮೇಷ್ಟ್ರ ಚಟ. ಬಾವಿ 3 ಮೀಟರ್ ಅಗಲ, ನೀರು 4 ಮೀಟರ್ ಆಳ ಅನ್ನಿ. 3 × 3 × 4 × 0.785, ಅಂದರೆ ಸುಮಾರು 28 ಘನ ಮೀಟರ್, 28,000 ಲೀಟರ್. 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಒಟ್ಟು 70 ಗ್ರಾಂ. ರೋಗ ಹರಡಿದ ಕಾಲದಲ್ಲಿ ಇದರ ಇಮ್ಮಡಿ ಹಾಕುವುದುಂಟು. ಮಳೆಯಲ್ಲಿ ನೀರು ಏರಿ ಇಳಿಯುವ ಕಾರಣ ಅಂದಾಜಿನಲ್ಲಿ ಒಂದು ಮುಷ್ಟಿ ಜಾಸ್ತಿ ಬೀಳುವುದೂ ಸಹಜ.

ಒಂದು ಗಂಟೆ ಕಳೆದ ಮೇಲೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಮನುಷ್ಯರ ಲೆಕ್ಕ. ನಮಗೆ ಅದು ಸರಿ. ಮೀನಿನ ಕಿವಿರು ಸುಡಲು ಅಷ್ಟು ಸಾಕು.

ಉಪ್ಪಳ_ಹುಡುಗ | ಬೆಳಿಗ್ಗೆ 11.05

ಎಲ್ಲ ಸರಿ, ಆದರೆ ಬಾಲದ ಕೆಂಪು ಗೆರೆ? ಅದು ಇನ್‌ಫೆಕ್ಷನ್ ಅಲ್ವಾ? ನನ್ನ ಮಾತಿಗೆ ಬೆಲೆಯೇ ಇಲ್ಲ ಇಲ್ಲಿ. ಬಾದಾಮಿ ಎಲೆ ಹಾಕಿ ನನ್ನ ಫೈಟರ್ ಎರಡು ವರ್ಷದಿಂದ ಆರಾಮ ಉಂಟು.

ಚಂದ್ರಗಿರಿ_ತೀರ | ಮಧ್ಯಾಹ್ನ 1.15

ಹಾಗಲ್ಲ ತಮ್ಮಾ. ಫೈಟರ್‌ಗೆ ಬಾದಾಮಿ ಎಲೆ ಸರಿಯೇ. ಅದು ಹುಳಿ ನೀರು ತಾಳುವ ಮೀನು, ಗಾಳಿಯಿಂದಲೂ ಉಸಿರು ಎಳೆಯುತ್ತದೆ. ಗೋಲ್ಡ್‌ಫಿಶ್ ಕಾರ್ಪ್ ಜಾತಿ, ಚೀನಾದವರು ಸಾವಿರ ವರ್ಷ ಸಾಕಿ ಬಣ್ಣ ತರಿಸಿದ್ದು. ಅದಕ್ಕೆ ಪಿಎಚ್ 7ರಿಂದ 8 ಹಿತ. ಪಿಎಚ್ ಅಂದರೆ ನೀರಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಎಲೆ ಹುಳಿಯನ್ನು ಇನ್ನೂ ಏರಿಸುತ್ತದೆ.

ಕೆಂಪು ಗೆರೆ ಇನ್‌ಫೆಕ್ಷನ್‌ನಿಂದ ಬರಬಹುದು, ನೀನು ಹೇಳಿದ್ದು ಸುಳ್ಳಲ್ಲ. ಅಮೋನಿಯಾ, ಕ್ಲೋರಿನ್ ಸುಟ್ಟರೂ ಬರುತ್ತದೆ. ಒಂದೇ ದಿನದಲ್ಲಿ ಮೂರೂ ಮೀನು ಕೆಟ್ಟರೆ ನೀರನ್ನೇ ಮೊದಲು ನೋಡಬೇಕು. ರೋಗ ಹಾಗೆ ಗಡಿಯಾರ ನೋಡಿ ಬರುವುದಿಲ್ಲ. ಕ್ಯಾಪ್ಸೂಲ್ ಹಾಕಿದರೆ ಉಳಿದ ನಾಲ್ಕು ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು. ಅಂಗಡಿಯವರು ಹೇಳಿದ ಬಾಟ್ಲಿ ಮೀಥಿಲೀನ್ ಬ್ಲೂ ಎಂಬ ನೀಲಿ ಮದ್ದು ಆದರೂ ಅಷ್ಟೇ. ಅದು ಬೇಕಾದಾಗ ಬೇರೆ ಬಾಲ್ದಿಯಲ್ಲಿ ಕೊಡಬೇಕು, ತೊಟ್ಟಿಗೆ ಸುರಿಯಬಾರದು. ಗಾಜಿನ ಅಂಟು ಕೂಡ ನೀಲಿ ಆಗಿ ಕೂರುತ್ತದೆ.

ಹೊಸಂಗಡಿ_22 | ಮಧ್ಯಾಹ್ನ 3.40

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಗೋಲ್ಡ್‌ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಉಂಟು. ಊಟ ಎಲ್ಲ ಸರಿ. ಬಿಳಿ ಚುಕ್ಕೆ ರೋಗ ಅಂತ ಒಬ್ಬರು ಮದ್ದು ಹಾಕಿಸಿದರು, ಎರಡು ವಾರ ಆಯಿತು, ಹೋಗಲೇ ಇಲ್ಲ.

ಚಂದ್ರಗಿರಿ_ತೀರ | ಸಂಜೆ 4.10

ಕಿವಿರಿನ ಮುಚ್ಚಳ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಮಾತ್ರ, ಸಾಲಾಗಿ ಉಂಟಾ? ಹಾಗಾದರೆ ನಿಮ್ಮದು ಗಂಡು ಮೀನು, ಮರಿ ಮಾಡುವ ಕಾಲ ಬಂದಿದೆ. ಮೀಸೆ ಬಂದದ್ದಕ್ಕೆ ಮದ್ದು ಕೊಟ್ಟ ಹಾಗೆ ಆಯಿತು. ಬಿಳಿ ಚುಕ್ಕೆ ರೋಗ ಆದರೆ ಮೈ, ಬಾಲ ಎಲ್ಲ ಕಡೆ ಬರುತ್ತದೆ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಅದಕ್ಕೆ ಉಪ್ಪು ಲೀಟರಿಗೆ 3 ಗ್ರಾಂ ತನಕ ಎರಡು ಮೂರು ದಿನದಲ್ಲಿ ಏರಿಸಬೇಕು. ಚುಕ್ಕೆ ಹೋದ ಮೇಲೂ ಕೆಲವು ದಿನ ಬಿಡಬಾರದು, ಯಾಕೆಂದರೆ ಮೈಯಿಂದ ಉದುರಿದ ಕ್ರಿಮಿ ತಳದಲ್ಲಿ ಮರಿ ಮಾಡಿ ಮತ್ತೆ ಬರುತ್ತದೆ. ನೀರಿನಲ್ಲಿ ಈಜುವಾಗ ಮಾತ್ರ ಅದು ಸಾಯುವುದು.

ಹೊಸಂಗಡಿ_22 | ಸಂಜೆ 4.18

ಎರಡು ವರ್ಷದಿಂದ ಅದನ್ನು ಲಕ್ಷ್ಮಿ ಅಂತ ಕರೆಯುತ್ತಿದ್ದೆವು.

ಪೆರ್ಲ_ಗುಡ್ಡೆಮನೆ | ಬುಧವಾರ, ಸಂಜೆ 5.30

ರೆಡ್ ಅಲರ್ಟ್ ಅಂತ ಇವತ್ತು ಶಾಲೆಗೆ ರಜೆ. ಇವರು ಪೇಟೆಗೆ ಹೋದವರು ಹನಿ ಹಾಕಿ ಬಣ್ಣ ನೋಡುವ ಕಿಟ್ ತಂದರು. ಮಗಳೇ ಪರೀಕ್ಷೆ ಮಾಡಿದ್ದು. ಪಿಎಚ್ ನೋಡಿದರೆ ಹಳದಿ, ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನದ್ದು, 6. ಅಮೋನಿಯಾ ಗಿಳಿಹಸಿರು, 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ. ನೈಟ್ರೈಟ್ ಸೊನ್ನೆ. ಲಾಡು ಇವತ್ತು ಎರಡು ಸಲ ತೊಟ್ಟಿಗೆ ಸುತ್ತು ಹಾಕಿತು, ಮತ್ತೆ ಮೂಲೆಗೆ.

ಮಾವ ಹೇಳುವುದು, ಹುಳಿ ಜಾಸ್ತಿ ಆದರೆ ಸುಣ್ಣ ಹಾಕು, ತೋಟಕ್ಕೂ ಅದೇ ಅಲ್ವಾ ಮಾಡುವುದು ಅಂತ. ವೀಳ್ಯದ ಹರಿವಾಣದ ಸುಣ್ಣದ ಡಬ್ಬಿ ಹಿಡಿದುಕೊಂಡೇ ಬಂದಿದ್ದಾರೆ. ಒಂದು ಚೂರು ಹಾಕಬಹುದಾ?

ಉಪ್ಪಳ_ಹುಡುಗ | ಸಂಜೆ 5.36

ಸುಣ್ಣ ಬೇಡ. ಸೋಡಾಪುಡಿ ಒಂದು ಚಮಚ ಹಾಕಿ ಅಕ್ಕಾ, ಹತ್ತು ನಿಮಿಷದಲ್ಲಿ ಪಿಎಚ್ ಏರುತ್ತದೆ. ಇದು ಮಾತ್ರ ಗ್ಯಾರಂಟಿ.

ಚಂದ್ರಗಿರಿ_ತೀರ | ಸಂಜೆ 5.44

ನಿಲ್ಲಿ ನಿಲ್ಲಿ. ಯಾರೂ ಎಂತದೂ ಹಾಕಬೇಡಿ. ತಮ್ಮಾ, ಹತ್ತು ನಿಮಿಷದಲ್ಲಿ ಏರುತ್ತದೆ ಅನ್ನುವುದು ನಿಜ. ಅದೇ ಅಪಾಯ.

ನಿಧಾನಕ್ಕೆ ಹೇಳುತ್ತೇನೆ, ಗೋಲ್ಡ್‌ಫಿಶ್ ಸಾಕುವ ನಮ್ಮ ಊರಿನವರು ಎಡವುವುದು ಇಲ್ಲೇ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಾವೇ, ಮೀನಿಗೆ ಕಡು ವಿಷ. ಇನ್ನೊಂದು ಅಮೋನಿಯಂ, ಅಷ್ಟೇನೂ ತೊಂದರೆ ಇಲ್ಲ. ಕಿಟ್ ಎರಡನ್ನೂ ಕೂಡಿಸಿ ಒಂದೇ ಅಂಕಿ ತೋರಿಸುತ್ತದೆ. ಯಾವುದು ಎಷ್ಟು ಅನ್ನುವುದು ಪಿಎಚ್ ಮೇಲೆ. 25 ಡಿಗ್ರಿ ನೀರಿನಲ್ಲಿ, ಪಿಎಚ್ 6 ಇದ್ದರೆ ವಿಷದ ಪಾಲು 100ರಲ್ಲಿ 0.06. ಪಿಎಚ್ 7 ಆದರೆ 0.6. ಪಿಎಚ್ 8 ಆದರೆ 5ಕ್ಕಿಂತ ಜಾಸ್ತಿ. ಒಂದು ಮೆಟ್ಟಿಲು ಹತ್ತಿದರೆ ಹತ್ತು ಪಾಲು. ನಿಮ್ಮ ತೊಟ್ಟಿಯಲ್ಲಿ 2 ಪಿಪಿಎಂ ಇದ್ದೂ ಲಾಡು ಬದುಕಿರುವುದು ಈ ಹುಳಿ ನೀರಿನ ಪುಣ್ಯದಿಂದ. ಈಗ ಒಂದು ಚಮಚ ಸೋಡಾ ಹಾಕಿದರೆ ಅದೇ 2 ಪಿಪಿಎಂ ನೂರು ಪಾಲು ಹತ್ತಿರ ವಿಷ ಆಗುತ್ತದೆ, ಹತ್ತು ನಿಮಿಷದಲ್ಲಿ. ವೀಳ್ಯದ ಸುಣ್ಣವಂತೂ ಮಾತಾಡುವುದೇ ಬೇಡ, ಅದು ಬಾಯಿಯನ್ನೇ ಸುಡುತ್ತದೆ. ಮಾವನಿಗೆ ಅದನ್ನು ಎಲೆಗೆ ಹಚ್ಚಿ ಕೊಡಿ.

ಹಾಗಂತ 6 ಒಳ್ಳೆಯದೂ ಅಲ್ಲ. ಪಟ್ಟಿಯ ಕೊನೆಯ ಬಣ್ಣ ಅದು, ನಿಜವಾಗಿ 5.5 ಇದ್ದರೂ ಹಳದಿಯೇ ಕಾಣುವುದು. ಅಷ್ಟು ಹುಳಿಯಲ್ಲಿ ಬ್ಯಾಕ್ಟೀರಿಯಾ ಕೆಲಸ ಮಾಡುವುದಿಲ್ಲ. ಇನ್ನೊಂದು ವಿಷಯ, ಅವು ಕೆಲಸ ಮಾಡಿದಷ್ಟೂ ನೀರಿನ ಕ್ಷಾರವನ್ನು ತಿಂದು ಮುಗಿಸುತ್ತವೆ. ಮುರಕಲ್ಲಿನ ನೀರಿನಲ್ಲಿ ಕ್ಷಾರವೇ ಇಲ್ಲದಷ್ಟು ಕಮ್ಮಿ. ಹಾಗಾಗಿ ನಿಮ್ಮ ತೊಟ್ಟಿ ಭಾನುವಾರಕ್ಕೆ ಮೊದಲೇ ಸೋತು ಕೂತಿತ್ತು ಅಂತ ನನ್ನ ಗುಮಾನಿ. ಬ್ಲೀಚಿಂಗ್ ಕೊನೆಯ ಪೆಟ್ಟು.

ಆದ್ದರಿಂದ ಮೊದಲು ಅಮೋನಿಯಾ ಇಳಿಸಿ. ದಿನಾ 15 ಲೀಟರ್, ಸುರಂಗದ್ದೇ, ರಾತ್ರಿ ಹಿಡಿದಿಟ್ಟು ಗಾಳಿ ಬಿಟ್ಟದ್ದು. ಅದು 0.5ಕ್ಕೆ ಬಂದ ಮೇಲೆ ಫಿಲ್ಟರಿಗೆ ಚಿಪ್ಪು ಹಾಕಿ. ಕಡಲಿನ ಚಿಪ್ಪು, ಮರುವಾಯಿ (ತಿನ್ನುವ ಚಿಪ್ಪುಮೀನು) ಚಿಪ್ಪು ಯಾವುದಾದರೂ. ಕುದಿಸಿ, ಒಣಗಿಸಿ, ಒಡೆದು ಒಂದು ಮುಷ್ಟಿ, ಬಲೆಯ ಚೀಲದಲ್ಲಿ. ನೀರು ಹುಳಿ ಇದ್ದಷ್ಟು ದಿನ ತಾನಾಗಿ ಕರಗುತ್ತದೆ. ಪಿಎಚ್ 7 ದಾಟಿದ ಮೇಲೆ ಕರಗುವುದು ತುಂಬಾ ನಿಧಾನ. ಸೋಡಾದ ಹಾಗೆ ಹಾರುವುದಿಲ್ಲ.

ಕುಂಬಳೆ_ಕಡಲು | ಸಂಜೆ 6.20

ಮರುವಾಯಿ ಚಿಪ್ಪಿಗೆ ನಮ್ಮಲ್ಲಿ ಬರವೇ? ನಿನ್ನೆಯೇ ಮರುವಾಯಿ ಸುಕ್ಕ ಮಾಡಿದ್ದು, ಹಿತ್ತಲಲ್ಲಿ ರಾಶಿ ಬಿದ್ದಿದೆ. ಜೊತೆಗೆ ನನ್ನ ತೊಟ್ಟಿಯ ಹಳೇ ಸ್ಪಂಜಿನಿಂದ ಅರ್ಧ ತುಂಡು ಕತ್ತರಿಸಿ ಕೊಡುತ್ತೇನೆ. ಮೂರು ವರ್ಷದ ಸ್ಪಂಜು, ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿದೆ. ಒಂದು ವರ್ಷದಿಂದ ಹೊಸ ಮೀನು ಹಾಕಿಲ್ಲ, ರೋಗ ಬಂದಿಲ್ಲ, ಹಾಗಾಗಿ ಹೆದರಿಕೆ ಬೇಡ. ನಾಳೆ ಬೆಳಿಗ್ಗೆ ಕೆಲಸಕ್ಕೆ ಬದಿಯಡ್ಕಕ್ಕೆ ಬರುವವನಿದ್ದೇನೆ. ಬಸ್‌ಸ್ಟ್ಯಾಂಡಿನಲ್ಲಿ ಕೊಡಬಹುದು.

ಪೆರ್ಲ_ಗುಡ್ಡೆಮನೆ | ಗುರುವಾರ, ಮಧ್ಯಾಹ್ನ 2.00

ಕುಂಬಳೆ ಅಣ್ಣನಿಗೆ ತುಂಬಾ ಉಪಕಾರ. ಇವರು ಹೋಗಿ ತಂದರು. ಸ್ಪಂಜು ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ನೀರಿನೊಂದಿಗೆ, ಒಳಗೆ ಗಾಳಿ ತುಂಬಿಸಿ ಕಟ್ಟಿದ್ದು, ಮೀನು ತಂದ ಹಾಗೆಯೇ. ಹಿಂಡದೆ ಹಾಗೇ ಫಿಲ್ಟರಿನಲ್ಲಿ ಸಿಕ್ಕಿಸಿದೆ.

ಚಿಪ್ಪಿನದ್ದು ಒಂದು ಕತೆ ಆಯಿತು. ನಮ್ಮದು ಸಸ್ಯಾಹಾರದ ಮನೆ, ಮರುವಾಯಿ ಚಿಪ್ಪು ಕುದಿಸಲು ಅತ್ತೆ ಪಾತ್ರೆ ಕೊಡಬೇಕಲ್ಲ! "ಮೀನನ್ನು ಒಳಗೆ ತಂದದ್ದೇ ಜಾಸ್ತಿ" ಅಂದರು. ಕೊನೆಗೆ ಹೊರಗಿನ ಒಲೆಯಲ್ಲಿ ಹಳೇ ಎಣ್ಣೆಯ ಟಿನ್ನಿನಲ್ಲಿ ಕುದಿಸಿದೆ. ನಾಯಿ ಮಾತ್ರ ಒಲೆಯ ಹತ್ತಿರದಿಂದ ಏಳಲಿಲ್ಲ. ಅಮೋನಿಯಾ ಇವತ್ತು 1. ಚಿಪ್ಪು ಈಗಲೇ ಹಾಕಿಲ್ಲ, ಕಾಯುತ್ತೇನೆ.

ಮುಳ್ಳೇರಿಯ_ತೋಟ | ಮಧ್ಯಾಹ್ನ 2.25

ಮಳೆನೀರು ಹಿಡಿದು ಹಾಕಬಹುದಾ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಈಗ ಮದ್ದು ಬಿಡುವ ಸಮಯ, ಗಾಳಿಗೆ ಬಂದು ಮಾಡಿನ ಮೇಲೆ ಕೂತಿರುತ್ತದೆ. ಬೇಡ.

ಪೆರ್ಲ_ಗುಡ್ಡೆಮನೆ | ಭಾನುವಾರ, ಬೆಳಿಗ್ಗೆ 10.10

ಅಮೋನಿಯಾ 0.5. ಚಿಪ್ಪು ಶನಿವಾರ ಹಾಕಿದೆ. ಲಾಡು ಇವತ್ತು ಗಾಜಿನ ಹತ್ತಿರ ಬಂದು ಆಹಾರ ಕೇಳಿತು. ಒಂದು ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಉಗುರಿನಷ್ಟು ಹಿಸುಕಿ ಕೊಟ್ಟೆವು. ಮೊದಲು ಬಾಯಿಗೆ ತೆಗೆದುಕೊಂಡು ಉಗುಳಿತು. ಮತ್ತೆ ತೆಗೆದುಕೊಂಡಿತು. ಮತ್ತೆ ಉಗುಳಿತು. ಮೂರನೇ ಸಲ ನುಂಗಿತು. ಮಗಳು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಂದು ನೋಡಿದರು.

ಚಂದ್ರಗಿರಿ_ತೀರ | ಬೆಳಿಗ್ಗೆ 10.40

ಒಳ್ಳೆ ಸುದ್ದಿ! ದಿನಕ್ಕೊಮ್ಮೆ ಮಾತ್ರ ಕೊಡಿ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಗೋಲ್ಡ್‌ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ, ಕರುಳು ಮಾತ್ರ. ತಿಂದದ್ದು ಕೂರುವ ಜಾಗ ಇಲ್ಲ. ಹಾಗಾಗಿ ಅದು ಯಾವಾಗಲೂ ಕೇಳುತ್ತದೆ, ನಾವು ಕೊಡುತ್ತಾ ಹೋಗುತ್ತೇವೆ.

ಪೆರ್ಲ_ಗುಡ್ಡೆಮನೆ | ಎರಡು ವಾರದ ಮೇಲೆ, ಬುಧವಾರ

ಮತ್ತೆ ಹೆದರಿಕೆ ಆಗಿದೆ. ಕೆಂಪು ಗೆರೆ ಹೋಯಿತು. ಆದರೆ ಲಾಡುವಿನ ಬಾಲದ ಅಂಚು, ಬಾಯಿಯ ಹತ್ತಿರ ಮಸಿ ಹಚ್ಚಿದ ಹಾಗೆ ಕಪ್ಪು ಆಗುತ್ತಿದೆ. ಚೆನ್ನಾಗಿ ತಿನ್ನುತ್ತಿದೆ, ಈಜುತ್ತಿದೆ. ಅಮೋನಿಯಾ 0.25, ಪಿಎಚ್ 7. ಆದರೆ ಸೊನ್ನೆ ಇದ್ದ ನೈಟ್ರೈಟ್ ಈಗ 1 ತೋರಿಸುತ್ತಿದೆ!

ಚಂದ್ರಗಿರಿ_ತೀರ | ಅದೇ ದಿನ

ಕಪ್ಪು ಆದದ್ದಕ್ಕೆ ಹೆದರಬೇಡಿ. ಸುಟ್ಟ ಚರ್ಮ ಮಾಯುವಾಗ ಗೋಲ್ಡ್‌ಫಿಶ್‌ನಲ್ಲಿ ಹಾಗೆ ಕಪ್ಪು ಬರುತ್ತದೆ, ನಮಗೆ ಗಾಯ ಒಣಗಿದ ಮೇಲೆ ಕಲೆ ಉಳಿಯುವ ಹಾಗೆ. ಕೆಲವು ವಾರದಲ್ಲಿ ಹೋಗುತ್ತದೆ.

ನೈಟ್ರೈಟ್ ಬಂದದ್ದು ಅರ್ಧ ದಾರಿ ಬಂದ ಗುರುತು. ಮೊದಲ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿವೆ, ಎರಡನೆಯದ್ದು ಇನ್ನೂ ಬೆಳೆಯಬೇಕು. ಈಗ ಆ ಉಪ್ಪು ತೆಗೆಯಬೇಡಿ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಹೋಗಿ ಉಸಿರು ಕಟ್ಟಿಸುತ್ತದೆ. ಉಪ್ಪಿನ ಕ್ಲೋರೈಡ್ ಅದೇ ಬಾಗಿಲಿನಲ್ಲಿ ನಿಂತು ಅದನ್ನು ಒಳಗೆ ಬಿಡುವುದಿಲ್ಲ. ಎರಡೂ ಸೊನ್ನೆ ಆದ ಮೇಲೆ ನೀರು ಬದಲಿಸುತ್ತಾ ಉಪ್ಪು ತಾನಾಗಿ ಇಳಿಯಲಿ. ವರ್ಷವಿಡೀ ಉಪ್ಪು ಹಾಕಿಡುವವರು ಇದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ದಿನಾ ಕಷಾಯ ಕುಡಿದ ಹಾಗೆ.

ನಿವೃತ್ತ_ಮೇಷ್ಟ್ರು | ಅದೇ ದಿನ

ತೆಗೆದ ನೀರನ್ನು ಎಲ್ಲಿಗೆ ಹಾಕುತ್ತೀರಿ ತಂಗೀ? ಉಪ್ಪು ಇರುವ ತನಕ ಮಲ್ಲಿಗೆ ಬುಡಕ್ಕೆ ಬೇಡ. ಉಪ್ಪು ನಿಂತ ಮೇಲೆ ಹಾಕಿ, ಬಸಳೆ ಚಪ್ಪರ ತುಂಬುತ್ತದೆ. ನೈಟ್ರೇಟ್ ಗೊಬ್ಬರವೇ ಅದು.

ಪೆರ್ಲ_ಗುಡ್ಡೆಮನೆ | ತುಳುವರ ಆಟಿ ತಿಂಗಳು ಕಳೆದ ಮೇಲೆ, ಶನಿವಾರ

ತುಂಬಾ ದಿನ ಆಯಿತು ಬರೆಯದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20. ಕಪ್ಪು ಪೂರ್ತಿ ಹೋಗಿದೆ, ಬಾಲದ ತುದಿಯಲ್ಲಿ ಒಂದು ಚುಕ್ಕೆ ಮಾತ್ರ. ವಾರಕ್ಕೊಮ್ಮೆ 15 ಲೀಟರ್ ಬದಲಿಸುತ್ತೇನೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡುವುದು, ಅಷ್ಟೇ. ಸತ್ತ ಮೀನಿನ ಜಾಗಕ್ಕೆ ಇನ್ನೊಂದು ತರಬೇಕು ಅಂತ ಮಗಳ ಹಟ ಇತ್ತು.

ಚಂದ್ರಗಿರಿ_ತೀರ | ಅದೇ ದಿನ

ತರಬೇಡಿ ಅಕ್ಕಾ. 45 ಲೀಟರಿಗೆ ಎರಡೇ ಜಾಸ್ತಿ. ಜಿಲೇಬಿಯಂಥ ಉದ್ದ ಬಾಲದ್ದು ಒಂದು ಅಡಿ ತನಕ ಬೆಳೆಯುತ್ತದೆ. ಮುಂದಿನ ವರ್ಷಕ್ಕೆ ದೊಡ್ಡ ತೊಟ್ಟಿಯೋ, ಅಂಗಳದಲ್ಲಿ ನೆರಳಿರುವ ಸಿಮೆಂಟ್ ತೊಟ್ಟಿಯೋ ನೋಡಿ. ಜಾಗ ಸಾಲದು ಅಂತ ತೋಟದ ಕೆರೆಗೆ, ಹೊಳೆಗೆ ಮಾತ್ರ ಬಿಡಬೇಡಿ. ಅದು ಊರಿನ ಮೀನಿನ ಮೊಟ್ಟೆಯನ್ನೆಲ್ಲ ತಿಂದು ಹಾಕುತ್ತದೆ.

ಕುಂಬಳೆ_ಕಡಲು | ಅದೇ ದಿನ

ಚಿಪ್ಪು ಮುಗಿದರೆ ಹೇಳಿ. ನಾವು ತಿನ್ನುವುದು ನಿಲ್ಲಿಸುವುದಿಲ್ಲ.

ಪೆರ್ಲ_ಗುಡ್ಡೆಮನೆ | ಅದೇ ದಿನ, ರಾತ್ರಿ

ಇಲ್ಲ, ತರುವುದಿಲ್ಲ. ಅತ್ತೆಗೆ ಈ ವಿಷಯ ಓದಿ ಹೇಳಿದೆ, ಅವರಿಗೆ ತುಂಬಾ ಖುಷಿ.

ಇವತ್ತು ಬಾವಿಗೆ ಬ್ಲೀಚಿಂಗ್ ಹಾಕುವವರು ಮತ್ತೆ ಬಂದಿದ್ದರು. ನಾನು ದನದ ಕೊಟ್ಟಿಗೆಯಲ್ಲಿದ್ದೆ. ಬಂದು ನೋಡಿದರೆ ಮಗಳು ಬಾವಿಕಟ್ಟೆಗೆ ಅಡ್ಡ ನಿಂತಿದ್ದಾಳೆ, ಪಕ್ಕದಲ್ಲಿ ಬಿಳಿ ಬಾಲ್ದಿ. ಅದರ ಮೇಲೆ ಮಾರ್ಕರಿನಲ್ಲಿ "ಮೀನಿಗೆ ಮಾತ್ರ" ಅಂತ ಬರೆದಿದ್ದಾಳೆ. "ನಾಲ್ಕು ಬಾಲ್ದಿ ಎಳೆದ ಮೇಲೆ ಹಾಕಿ" ಅಂತ ಅವರಿಗೆ ಹೇಳಿದಳಂತೆ. ಪಾಪ, ಆ ಇಬ್ಬರೂ ಪೌಡರಿನ ಚೀಲ ಕೆಳಗಿಟ್ಟು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ರಾಟೆ ಎಳೆಯುತ್ತಿದ್ದದ್ದು ಮಾವ.